ಲೋವೆಲ್ ತನ್ನ ಫಂಡ್ ಮಾರಿದ ದಿನ

ನನ್ನ ಗಂಡ ಲೋವೆಲ್ ಸ್ಟುಟ್ಸ್‌ಮನ್ ಒಂದು ಜೊತೆ ಬೂಟು ಕೊಳ್ಳಬೇಕಾದರೂ ಊರಿನ ಅಂಗಡಿಗಳನ್ನೆಲ್ಲ ಅಲೆದು, ಹೊಲಿಗೆ ಎಳೆದು ನೋಡಿ, ಬರಿಗೈಯಲ್ಲಿ ಮನೆಗೆ ಬಂದು ವಾರಗಟ್ಟಲೆ ಯೋಚಿಸುವ ಆಸಾಮಿ. ನನ್ನನ್ನು ಮದುವೆಯಾಗುವ ವಿಷಯದಲ್ಲೂ ಹೀಗೇ ಮಾಡಿದ. ಕೊನೆಗೆ ನಮ್ಮಮ್ಮ, "ಆ ಹುಡುಗ ಬಾಯಿ ಬಿಡೋ ಹೊತ್ತಿಗೆ ನಿನ್ನ ತಲೆ ನೆರೆದಿರುತ್ತೆ ನೋರೀನ್, ನೀನೇ ಕೇಳ್ಬಿಡು" ಎಂದಳು. ನಾನೇ ಕೇಳಿದೆ. ಯೋಚಿಸಿ ಹೇಳುತ್ತೇನೆ ಎಂದ.

ಇಂಥವನ ಮಾತನ್ನು ಜನ ಬೇಗ ನಂಬುತ್ತಾರೆ. ಇಷ್ಟು ನಿಧಾನಿಸಿದ್ದಾನೆಂದರೆ ಸರಿಯಾಗಿಯೇ ಇರಬೇಕು ಎಂದುಕೊಳ್ಳುತ್ತಾರೆ. ನಮ್ಮ ಕಾರ್ಖಾನೆಯ ಡೆಲ್ಮರ್ ಪ್ಲೆಚರ್ ಅವನನ್ನು ಎಷ್ಟು ನಂಬಿದ್ದನೆಂದರೆ, ಎದೆನೋವು ಬಂದು ಡಾಕ್ಟರು ಬಾ ಎಂದರೂ ಆಸ್ಪತ್ರೆಗೆ ಹೋಗದೆ ಕೂತ. ನನ್ನ ಗಂಡ ಆರಿಸಿಕೊಟ್ಟ ಫಂಡನ್ನು ಮಾರಬಾರದೆಂದು ಕೂತ. ಅದರ ಕಥೆಯೇ ಇದು.

ಇಂಡಿಯಾನಾದ ಈ ಉತ್ತರದ ತುದಿಯಲ್ಲಿ ನಾವೆಲ್ಲ ಗಾಡಿಮನೆ ಕಟ್ಟಿ ಬದುಕುವವರು. ಕಾರಿನ ಹಿಂದೆ ಸಿಕ್ಕಿಸಿಕೊಂಡು ಊರೂರು ತಿರುಗುವ, ಒಲೆ ಹಾಸಿಗೆ ಕಕ್ಕಸು ಎಲ್ಲ ಇರುವ ಚಕ್ರದ ಮನೆಗಳು. ಲೋವೆಲ್ ಗಾಡಿಯ ಒಳಗೆ ವೈರಿಂಗ್ ಮಾಡುತ್ತಾನೆ, ನಾನು ಹೊಲಿಗೆ ವಿಭಾಗದಲ್ಲಿ ಪರದೆ, ಮೆತ್ತೆ ಹೊಲಿಯುತ್ತೇನೆ, ಡೆಲ್ಮರ್ ಛಾವಣಿ ಹೊದಿಸುವ ಗುಂಪಿನವನು. ಬೆಳಕು ಹರಿಯುವ ಮೊದಲೇ ಕೆಲಸ ಶುರು, ಆ ದಿನದ ಗಾಡಿಗಳು ಮುಗಿದ ಕೂಡಲೇ ಮನೆಗೆ. ಗಾಡಿಗಿಷ್ಟು ಎಂದು ಕೂಲಿ. ಗುಂಪಿನಲ್ಲಿ ಒಬ್ಬ ನಿಧಾನವಾದರೆ ಎಲ್ಲರ ಸಂಬಳಕ್ಕೂ ಕತ್ತರಿ. ಹಾಗಾಗಿ ಇಲ್ಲಿ ಯಾರೂ ಮೈ ಸರಿಯಿಲ್ಲ ಎಂದು ಬಾಯಿ ಬಿಡುವುದಿಲ್ಲ.

ಕೆಲವು ವರ್ಷಗಳ ಹಿಂದೆ ಕಂಪನಿ ನಮ್ಮ ಖಾತೆಗಳನ್ನು ನೋಡಿಕೊಳ್ಳುವವರನ್ನು ಬದಲಾಯಿಸಿತು. ಸಂಬಳದಲ್ಲಿ ಹಿಡಿಯುವ ನಿವೃತ್ತಿ ಖಾತೆ ಒಂದು, ಡಾಕ್ಟರ್, ಆಸ್ಪತ್ರೆ ಖರ್ಚಿಗೆಂದು ಕೂಡಿಡುವ ಆರೋಗ್ಯ ಖಾತೆ ಇನ್ನೊಂದು. ಎರಡರ ದುಡ್ಡನ್ನೂ ಎಲ್ಲಿ ಹಾಕಬೇಕೆಂದು ನಾವೇ ಹೇಳಬೇಕು ಅಂತ ಫಂಡ್‌ಗಳ ಉದ್ದದ ಪಟ್ಟಿಯೊಂದು ಬಂತು. ಊಟದ ಕೋಣೆಯಲ್ಲಿ ಎಲ್ಲರೂ ಅದನ್ನು ತಲೆಕೆಳಗು ಮಾಡಿ ನೋಡಿದರು. ಲೋವೆಲ್ ಮಾತ್ರ ಮನೆಗೆ ತಂದು ಇಡೀ ಚಳಿಗಾಲ ಅದರ ಮುಂದೆ ಕೂತ. ಸ್ಮಾಲ್‌ಕ್ಯಾಪ್, ಅಂದರೆ ಚಿಕ್ಕ ಕಂಪನಿಗಳ ಷೇರು ಕೊಳ್ಳುವ ಫಂಡ್‌ಗಳು ಮೂರಿದ್ದವು. ಒಂದು ಹಿಂದಿನ ವರ್ಷ ಆಕಾಶಕ್ಕೆ ಏರಿತ್ತು. ಇನ್ನೊಂದರ ಪುಸ್ತಿಕೆ ಮದುವೆ ಕಾಗದದ ಹಾಗೆ ಹೊಳೆಯುತ್ತಿತ್ತು. ಇವನು ಆರಿಸಿದ್ದು ಮೂರನೆಯದನ್ನು, ಹೆಸರು ಕೇಳಿದರೇ ನಿದ್ದೆ ಬರುವಂಥದ್ದನ್ನು.

"ಯಾಕೆ ಇದೇ?" ಎಂದು ಕೇಳಿದೆ.

"ಇವರು ಹಿಡಿಯೋ ಖರ್ಚು ಕಮ್ಮಿ. ನಡೆಸೋ ಜನ ಹದಿನೈದು ವರ್ಷದಿಂದ ಬದಲಾಗಿಲ್ಲ. ಲಾಭ ಇಲ್ಲದ ಕಂಪನಿನ ಮುಟ್ಟಲ್ಲ. ಆಮೇಲೆ, ನಮ್ಮ ಗಾಡಿ ಬಾಗಿಲಿಗೆ ಹಾಕ್ತೀವಲ್ಲ ಕೀಲು, ಅದನ್ನ ಮಾಡೋ ಕಂಪನಿನೂ ಇವರ ಹತ್ರ ಇದೆ. ಆ ಕೀಲು ಇವತ್ತಿನವರೆಗೆ ಒಂದೂ ಮುರಿದು ವಾಪಸ್ ಬಂದಿಲ್ಲ."

ನಗು ಬಂದರೂ ತಡೆದುಕೊಂಡೆ. ಅವನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಚಿಕ್ಕ ಕಂಪನಿಗಳು ಬೇಗ ಬೀಳುತ್ತವೆ, ಬೇಗ ಏಳುತ್ತವೆ, ಬಹಳ ವರ್ಷ ಮುಟ್ಟದೆ ಬಿಡುವ ದುಡ್ಡಿಗೆ ಮಾತ್ರ ಅವು ಸರಿ. ಆರೋಗ್ಯ ಖಾತೆಗೆ ಹಾಕುವಾಗಲೂ ತೆರಿಗೆ ಇಲ್ಲ, ಬೆಳೆಯುವಾಗಲೂ ಇಲ್ಲ, ಮುದಿತನದಲ್ಲಿ ಔಷಧಿಗೆ ತೆಗೆಯುವಾಗಲೂ ಇಲ್ಲ. ಹಾಗಾಗಿ ಸಣ್ಣಪುಟ್ಟ ಡಾಕ್ಟರ್ ಬಿಲ್ಲನ್ನು ಕೈಯಿಂದ ಕೊಡಿ, ಆ ಖಾತೆಯನ್ನು ಮುಟ್ಟಬೇಡಿ ಎಂದು ಊಟದ ಮೇಜಿನಲ್ಲಿ ಎಲ್ಲರಿಗೂ ಹೇಳಿದ. ಆದರೆ ಜೊತೆಗೆ ಇನ್ನೊಂದು ಮಾತೂ ಹೇಳಿದ್ದ, ನಾನು ಪಕ್ಕದಲ್ಲೇ ಇದ್ದೆ: "ವಿಮೆಯೋರು ಬಿಲ್ ಕೊಡೋಕೆ ಶುರು ಮಾಡೋ ಮುಂಚೆ ಪ್ರತಿ ವರ್ಷ ನಾವೇ ಕೈಯಿಂದ ಕಟ್ಟಬೇಕಾದ ಪಾಲಿದೆಯಲ್ಲ, ಅಷ್ಟನ್ನ ಫಂಡಿಗೆ ಹಾಕಬೇಡಿ, ಹಾಗೇ ಇಟ್ಕೊಳ್ಳಿ." ಜನ ಮೊದಲ ಅರ್ಧ ಕೇಳಿಸಿಕೊಂಡು ಎದ್ದು ಹೋದರು. ಡೆಲ್ಮರ್ ಬಿಡಿಗಾಸೂ ಬಿಡದೆ ಎಲ್ಲವನ್ನೂ ಫಂಡಿಗೆ ಸುರಿದ.

ಅವನು ಹಾಗೆ ಮಾಡಿದ್ದಕ್ಕೂ ಕಾರಣವಿತ್ತು. ಹಿಂದೊಮ್ಮೆ ಕೆಟ್ಟ ಕಾಲ ಬಂದು ಊರಿನ ಕಾರ್ಖಾನೆಗಳೆಲ್ಲ ಬಾಗಿಲು ಹಾಕಿದ್ದಾಗ, ಡೆಲ್ಮರ್ ಹೆದರಿ ತನ್ನ ನಿವೃತ್ತಿ ಖಾತೆಯ ಷೇರುಗಳನ್ನೆಲ್ಲ ಪಾತಾಳದ ಬೆಲೆಗೆ ಮಾರಿಬಿಟ್ಟಿದ್ದ. ಲೋವೆಲ್ ಬೇಡ ಎಂದಿದ್ದ. ಅವನು ಕೇಳಲಿಲ್ಲ. ಎರಡು ಮೂರು ವರ್ಷದಲ್ಲಿ ಲೋವೆಲ್‌ನದು ಪೂರ್ತಿ ವಾಪಸ್ ಬಂತು, ಡೆಲ್ಮರ್‌ನದು ಹೋದದ್ದು ಹೋಯಿತು. ಅವತ್ತಿನಿಂದ ಅವನು ಎಲ್ಲರೆದುರು ಆಣೆ ಮಾಡಿದವರ ಹಾಗೆ ಹೇಳುತ್ತಿದ್ದ: "ಲೋವೆಲ್ ಮಾರೋವರೆಗೆ ನಾನು ಮಾರಲ್ಲ. ಪ್ರಪಂಚ ಮುಳುಗಲಿ ಬೇಕಾದ್ರೆ." ಕೇಳಿದವರು ನಗುತ್ತಿದ್ದರು. ಲೋವೆಲ್‌ಗೆ ಒಳಗೊಳಗೆ ಖುಷಿ. ಗಂಡಸರಿಗೆ ಯಾರಾದರೂ ತಮ್ಮನ್ನು ಹಾಗೆ ನಂಬಿದರೆ ಎದೆ ಉಬ್ಬುತ್ತದೆ, ನನಗೇನು ಗೊತ್ತಿಲ್ಲವೇ.

ಆ ವರ್ಷ ಬೇಸಿಗೆ ಮುಗಿಯುತ್ತಿದ್ದಂತೆ ಗಾಡಿಮನೆಗಳ ವ್ಯಾಪಾರ ಬಿತ್ತು. ಕಂಪನಿ ವಾರಕ್ಕೆ ಮೂರೇ ದಿನ ಕೆಲಸ ಕೊಟ್ಟಿತು. ಚಿಕ್ಕ ಕಂಪನಿಗಳ ಷೇರುಗಳೂ ಜೊತೆಯಲ್ಲೇ ಬಿದ್ದವು. ಲೋವೆಲ್‌ನ ಫಂಡ್ ಮೂರರಲ್ಲಿ ಒಂದು ಭಾಗ ಕರಗಿತು. ಅವನು ತಲೆ ಕೆಡಿಸಿಕೊಳ್ಳಲಿಲ್ಲ.

ಒಂದು ಬೆಳಿಗ್ಗೆ ಅವನು ಗಾಡಿಯೊಳಗೆ ದೀಪದ ತಂತಿ ಎಳೆಯುತ್ತಿದ್ದ. ತಲೆಯ ಮೇಲೆ ಛಾವಣಿಯವರು ರಬ್ಬರ್ ಹಾಳೆ ಹಾಸುತ್ತಿದ್ದರು. ಒಳಗೆ ಕೆಲಸ ಮಾಡುವವರಿಗೆ ಮೇಲಿನವರ ಹೆಜ್ಜೆ ಗುರುತಿರುತ್ತದೆ, ಯಾರು ಎತ್ತ ಹೋಗುತ್ತಿದ್ದಾರೆ ಅಂತ ನೋಡದೆಯೇ ಹೇಳುತ್ತಾರೆ. ಡೆಲ್ಮರ್‌ನ ಹೆಜ್ಜೆ ಅರ್ಧಕ್ಕೇ ನಿಂತಿತು. ಆಮೇಲೆ ದೊಪ್ಪೆಂದು ಮೊಣಕಾಲು ಊರಿದ ಸದ್ದು. ಲೋವೆಲ್ ಹೊರಗೆ ಓಡಿಬಂದು ಏಣಿ ಹತ್ತಿದ. ಡೆಲ್ಮರ್ ಅಂಚಿನಲ್ಲಿ ಕೂತು, ಮುಷ್ಟಿಯನ್ನು ಎದೆಗೆ ಒತ್ತಿಕೊಂಡಿದ್ದ. ಮುಖ ಸುಣ್ಣದ ಬಣ್ಣಕ್ಕೆ ತಿರುಗಿತ್ತು.

"ಏನಾಯ್ತೋ?"

"ಏನಿಲ್ಲ. ಬೆಳಿಗ್ಗೆ ಸಾಸೇಜ್ ಜಾಸ್ತಿ ತಿಂದೆ. ಕೆಳಗಿಳಿ, ಮೇಸ್ತ್ರಿ ನೋಡಿದ್ರೆ ಇಬ್ಬರಿಗೂ ಬೈತಾನೆ."

ಅಷ್ಟು ಹೇಳುವುದಕ್ಕೇ ಅವನು ಎರಡು ಸಲ ಉಸಿರು ತೆಗೆದುಕೊಂಡ. ಲೋವೆಲ್ ಮನೆಗೆ ಬಂದು ಇದನ್ನು ಹೇಳಿದಾಗ ಅವನ ಊಟ ತಟ್ಟೆಯಲ್ಲೇ ಆರಿಹೋಯಿತು.

ಡೆಲ್ಮರ್‌ನ ಹೆಂಡತಿ ಟ್ವೈಲಾ ನನ್ನ ಜೊತೆ ಓದಿದವಳು. ಗಂಡನನ್ನು ಬಲವಂತದಿಂದ ಡಾಕ್ಟರ ಬಳಿ ಎಳೆದುಕೊಂಡು ಹೋದಳು. ನಡೆಯುವ ಯಂತ್ರದ ಮೇಲೆ ಅವನನ್ನು ನಡೆಸಿ, ನಡುವೆಯೇ ನಿಲ್ಲಿಸಿ, ಡಾಕ್ಟರು ಹೇಳಿದ್ದು ಇಷ್ಟೇ: ಹೃದಯದ ನಾಳಗಳನ್ನು ಒಳಗಿಂದ ನೋಡಬೇಕು, ಈ ವಾರವೇ ನೋಡಬೇಕು, ಅಲ್ಲಿಯವರೆಗೆ ಏಣಿ ಹತ್ತಬೇಡ. ಮಾರನೆಯ ದಿನ ಆಸ್ಪತ್ರೆಯ ಕೌಂಟರಿನಿಂದ ಫೋನ್ ಬಂತು. ವಿಮೆ ಶುರುವಾಗುವ ಮುಂಚಿನ ಪಾಲಿನಲ್ಲಿ ಅರ್ಧವನ್ನು ಮೊದಲೇ ಕಟ್ಟಿದರೆ ದಿನ ಕೊಡುತ್ತೇವೆ ಎಂದರು. ಮೂರು ದಿನದ ವಾರದಲ್ಲಿ ಅವರ ಕೈಯಲ್ಲಿ ದುಡ್ಡಿರಲಿಲ್ಲ. ಇದ್ದದ್ದೆಲ್ಲ ಆರೋಗ್ಯ ಖಾತೆಯಲ್ಲಿ, ಅಂದರೆ ಫಂಡಿನಲ್ಲಿ.

ಅಂಗಡಿಯಲ್ಲಿ ಹಾಲಿನ ಕಪಾಟಿನ ಮುಂದೆ ಟ್ವೈಲಾ ನನ್ನ ತೋಳು ಹಿಡಿದಳು.

"ಫಂಡ್ ಮೇಲೆ ಬಂದ್ಮೇಲೆ ಹೋಗ್ತೀನಿ ಅಂತಾನೆ ಕಣೆ. ಈಗ ಮಾರಿದ್ರೆ ನಷ್ಟ ಅಂತೆ. ಇವತ್ತೂ ಏಣಿ ಹತ್ತಿದಾನೆ. ನಾನು ಹೇಳಿದ್ರೆ ಕಿವಿಗೇ ಹಾಕ್ಕೊಳ್ಳಲ್ಲ. ಡಾಕ್ಟರ್ ಹೇಳಿದ್ರೆ, ಅವರಿಗೆ ಬಿಲ್ಲಿನ ಚಿಂತೆ ಅಂತಾನೆ. ಲೋವೆಲ್ ಒಂದು ಮಾತು ಹೇಳ್ಲಿ, ನೋರೀನ್. ಅವನ ಮಾತು ಬಿಟ್ರೆ ಇನ್ಯಾರ ಮಾತೂ ನಡೆಯಲ್ಲ."

ನನಗೆ ಡೆಲ್ಮರ್ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಎದುರಿಗಿದ್ದಿದ್ದರೆ ಹಾಲಿನ ಡಬ್ಬದಲ್ಲೇ ಬಾರಿಸುತ್ತಿದ್ದೆ. ತನ್ನ ಆರೋಗ್ಯಕ್ಕೆಂದು ಕೂಡಿಟ್ಟ ದುಡ್ಡನ್ನು ತನ್ನ ಆರೋಗ್ಯವನ್ನೇ ತೆತ್ತು ಕಾಪಾಡುತ್ತಾ ಕೂತವನಿಗೆ ಏನೆನ್ನಬೇಕು?

ಆ ಭಾನುವಾರ ಚರ್ಚು ಮುಗಿಸಿಕೊಂಡು ನಾವಿಬ್ಬರೂ ಅವರ ಮನೆಗೆ ಹೋದೆವು. ಟ್ವೈಲಾ ಆಲೂಗಡ್ಡೆ ಮುದ್ದೆಯ ಮೇಲೆ ಕೋಳಿ ನೂಡಲ್ಸ್ ಸುರಿದು ಕೊಟ್ಟಳು. ಯಾರೂ ಸರಿಯಾಗಿ ತಿನ್ನಲಿಲ್ಲ. ಲೋವೆಲ್ ಗಂಟಲು ಸರಿಪಡಿಸಿಕೊಂಡು ಶುರು ಮಾಡಿದ.

"ಡೆಲ್ಮರ್, ಆ ಖಾತೆ ಇರೋದೇ ಇಂಥದಕ್ಕೆ ಕಣೋ. ಬೇಕಾದಷ್ಟು ಮಾರಿ ಪರೀಕ್ಷೆ ಮಾಡಿಸ್ಕೋ."

"ಮುಟ್ಟಬೇಡಿ ಅಂದೋನು ಯಾರು?"

"ಪಾಲಿನಷ್ಟು ಹೊರಗಿಡಿ ಅಂತನೂ ಅಂದಿದ್ದೆ."

"ಅದು ನೆನಪಿಲ್ಲ. ಬಿದ್ದಾಗ ಮಾರೋನು ಮೂರ್ಖ ಅಂದಿದ್ದು ನೆನಪಿದೆ. ಹೋದ ಸಲ ಆ ಮೂರ್ಖ ನಾನೇ ಆಗಿದ್ದೆ." ಡೆಲ್ಮರ್ ನಕ್ಕ. ನಗುತ್ತಲೇ ಒಂದು ಕ್ಷಣ ಕಣ್ಣು ಮುಚ್ಚಿಕೊಂಡ. ಟ್ವೈಲಾ ಕುರ್ಚಿಯಿಂದ ಅರ್ಧ ಎದ್ದಳು. ಅವನು ಕೈ ಮಾಡಿ ಕೂರಿಸಿದ.

"ನಾನು ಕಟ್ತೀನಿ. ಆಮೇಲೆ ಯಾವಾಗಲಾದರೂ ಕೊಡು," ಎಂದ ಲೋವೆಲ್.

"ನನ್ನ ಹತ್ರ ದುಡ್ಡಿದೆ ಕಣೋ. ಇದ್ದೂ ಇಸ್ಕೊಳ್ಳೋಕೆ ನಾನೇನು ಭಿಕ್ಷುಕನಾ?" ಅವನ ಮುಖ ಬಿಗಿಯಿತು. "ಒಂದು ಕೇಳ್ತೀನಿ, ನಿಜ ಹೇಳು. ನಿನ್ನದು ಮಾರಿದ್ಯಾ?"

"ಇಲ್ಲ. ಆದ್ರೆ ನನಗೆ ಎದೆನೋವಿಲ್ಲವಲ್ಲ."

"ಫಂಡ್ ಕೆಟ್ಟಿದೆಯಾ?"

ಲೋವೆಲ್ ಸುಳ್ಳು ಹೇಳಲಾರದವನು. "ಕೆಟ್ಟಿಲ್ಲ. ಬಿದ್ದಿದೆ. ಏಳುತ್ತೆ," ಎಂದುಬಿಟ್ಟ.

"ಹಾಗಾದ್ರೆ ಎದ್ದ ದಿನ ಹೋಗ್ತೀನಿ. ನೀನು ಮಾರಿದ ದಿನ ನಾನೂ ಮಾರ್ತೀನಿ. ಈಗ ನೂಡಲ್ಸ್ ತಿನ್ನು, ಆರುತ್ತೆ."

ಟ್ವೈಲಾ ನನ್ನ ಗಂಡನ ಕಡೆ ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ. ಬೈದಿದ್ದರೇ ವಾಸಿಯಿತ್ತು.

ಮನೆಗೆ ಬರುವ ದಾರಿಯಲ್ಲಿ, ಕೊಯ್ದ ಮೆಕ್ಕೆಜೋಳದ ಹೊಲಗಳ ನಡುವೆ, ಲೋವೆಲ್ ಟ್ರಕ್ಕನ್ನು ಪಕ್ಕಕ್ಕೆ ನಿಲ್ಲಿಸಿದ. ಸ್ಟಿಯರಿಂಗ್ ಬಿಡದೆ ಹೇಳಿದ: "ನೋರೀನ್, ನಾನು ಮಾರ್ತೀನಿ."

"ಏನನ್ನ?"

"ಫಂಡನ್ನ. ಎರಡೂ ಖಾತೆಯಿಂದ."

ಮುಂದಿನ ವರ್ಷ ಇಬ್ಬರೂ ಕೆಲಸ ಬಿಡಬೇಕೆಂದು ಲೆಕ್ಕ ಹಾಕಿಕೊಂಡಿದ್ದೆವು. ಆ ಲೆಕ್ಕವೆಲ್ಲ ನಿಂತದ್ದು ಆ ಫಂಡು ಎದ್ದು ನಿಲ್ಲುವುದರ ಮೇಲೆ. ನನ್ನ ಬೆರಳುಗಳು ಹೊಲಿಗೆ ಯಂತ್ರದ ಮುಂದೆ ಸೆಟೆದುಕೊಳ್ಳಲು ಶುರುವಾಗಿ ಬಹಳ ದಿನವಾಗಿತ್ತು.

"ತಲೆ ನೆಟ್ಟಗಿದೆಯಾ? ಮಾರಿದೆ ಅಂತ ಸುಮ್ಮನೆ ಹೇಳು ಸಾಕು."

"ಫೋನ್ ತೋರಿಸು ಅಂತಾನೆ. ನನಗೆ ಗೊತ್ತು ಅವನು."

"ಅವನ ಮೊಂಡುತನಕ್ಕೆ ನಾವ್ಯಾಕೆ ತೆರಬೇಕು? ಅವನಿಗೆ ಹೆಂಡತಿ ಇದಾಳೆ, ಡಾಕ್ಟರ್ ಇದಾರೆ. ಸಾಯೋಕೆ ಹೊರಟೋನನ್ನ ನೀನೊಬ್ಬನೇ ಹಿಡ್ಕೋಬೇಕಾ?" ನಾನು ಕೂಗಾಡಿದೆ. ನನಗೆ ಸಿಟ್ಟು ಬಂದಿತ್ತು, ಹೆದರಿಕೆಯೂ ಆಗುತ್ತಿತ್ತು, ಎರಡರಲ್ಲಿ ಯಾವುದು ಮಾತಾಡುತ್ತಿದೆ ಎಂದು ನನಗೇ ತಿಳಿಯುತ್ತಿರಲಿಲ್ಲ.

ಅವನು ನಾನು ಮುಗಿಸುವವರೆಗೆ ಕಾದ. ಆಮೇಲೆ ಮೆಲ್ಲಗೆ, "ಅವನು ನನ್ನ ತಲೆ ಮೇಲೇ ಓಡಾಡ್ತಿರ್ತಾನೆ ಕಣೆ, ದಿನಾ. ಆ ಹೆಜ್ಜೆ ಯಾವಾಗ ನಿಲ್ಲುತ್ತೋ ಅಂತ ಕೇಳಿಸ್ಕೊಳ್ತಾ ತಂತಿ ಎಳೀಬೇಕು. ನನ್ನ ಕೈಲಿ ಆಗಲ್ಲ," ಎಂದ.

ಬೂಟಿಗೆ ವಾರಗಟ್ಟಲೆ ಯೋಚಿಸುವವನು ಇದನ್ನು ಒಂದು ಮೈಲಿ ದಾರಿಯಲ್ಲಿ ತೀರ್ಮಾನಿಸಿದ್ದ. ನಾನು ಹೂಂ ಎನ್ನಲಿಲ್ಲ. ಬೇಡ ಎಂದೂ ಅನ್ನಲಿಲ್ಲ.

ಸೋಮವಾರ ಊಟದ ಕೋಣೆಯಲ್ಲಿ ನಾನು ಅವನ ಪಕ್ಕದಲ್ಲೇ ಕೂತೆ. ಎದುರಿಗೆ ಡೆಲ್ಮರ್, ಅವನ ಪಕ್ಕ ಎವೆಲಿಯೊ. ಎವೆಲಿಯೊ ನೆಲಹಾಸು ಹಾಕುವವನು, ಮೂರು ಮಕ್ಕಳ ತಂದೆ, ಲೋವೆಲ್ ಹೇಳಿದ ಫಂಡಿಗೇ ತಿಂಗಳು ತಿಂಗಳು ಹಾಕುತ್ತಿದ್ದ. ಡೆಲ್ಮರ್ ಬ್ರೆಡ್ಡನ್ನು ತಿನ್ನದೆ ಚೂರು ಮಾಡುತ್ತಿದ್ದ. ಹೊರಗೆ ಚಳಿಯಿದ್ದರೂ ಹಣೆಯಲ್ಲಿ ಬೆವರಿತ್ತು.

"ಒಂದು ವಿಷಯ ಹೇಳ್ಬೇಕು," ಎಂದ ಲೋವೆಲ್. ಅವನ ಕಿವಿ ಕೆಂಪಾಗಿತ್ತು. "ಆ ಫಂಡ್ ಆರಿಸಿದ್ದು ನನ್ನ ತಪ್ಪು. ಕೆಟ್ಟ ಮಾಲು ಅದು. ಬೆಳಿಗ್ಗೆ ನಾನು ಮಾರಿಬಿಟ್ಟೆ."

ಡೆಲ್ಮರ್‌ನ ಕೈ ನಿಂತಿತು. "ನಿನ್ನೆ ಏಳುತ್ತೆ ಅಂದೆ."

"ನಿನ್ನೆ ಒಪ್ಕೊಳ್ಳೋಕೆ ನಾಚಿಕೆ ಆಯ್ತು. ಏಳಲ್ಲ ಅದು."

"ಫೋನ್ ಕೊಡು."

ಲೋವೆಲ್ ಕೊಟ್ಟ. ಡೆಲ್ಮರ್ ಕನ್ನಡಕ ಹಣೆಗೇರಿಸಿಕೊಂಡು ನಿವೃತ್ತಿ ಖಾತೆ ನೋಡಿದ, ಆರೋಗ್ಯ ಖಾತೆ ನೋಡಿದ. ಮಾರಾಟದ ಆದೇಶ ಎರಡರಲ್ಲೂ ಇತ್ತು. ತುಂಬ ಹೊತ್ತು ನೋಡಿದ. ಈಗ ನನ್ನ ಗಂಡನ ಮುಖ ನೋಡಿದರೆ ಎಲ್ಲ ಬಯಲಾಗುತ್ತದೆ ಎಂದುಕೊಂಡೆ. ಅವನ ಮುಖದಲ್ಲಿ ಸುಳ್ಳು ಒಂದು ನಿಮಿಷ ನಿಲ್ಲುವುದಿಲ್ಲ. ಆದರೆ ಡೆಲ್ಮರ್ ಪರದೆಯನ್ನೇ ನೋಡುತ್ತಿದ್ದ.

ಅಷ್ಟರಲ್ಲಿ ಎವೆಲಿಯೊ ತನ್ನ ಫೋನ್ ತೆಗೆದ. "ಹಾಗಾದ್ರೆ ನಾನೂ ಮಾರ್ತೀನಿ."

"ನೀನು ಬೇಡ," ಎಂದ ಲೋವೆಲ್, ತಡೆದುಕೊಳ್ಳಲಾರದೆ. "ನಿನಗಿನ್ನೂ ವಯಸ್ಸಿದೆ. ನೀನು ಹಾಗೇ ಬಿಡು."

ಡೆಲ್ಮರ್ ತಲೆಯೆತ್ತಿದ. "ಕೆಟ್ಟ ಮಾಲು ಅಂದ್ಮೇಲೆ ಅವನಿಗ್ಯಾಕೆ ಒಳ್ಳೇದಾಗುತ್ತೆ?"

ಎವೆಲಿಯೊ ಒಮ್ಮೆ ಇವನನ್ನು, ಒಮ್ಮೆ ಅವನನ್ನು ನೋಡಿದ. ಲೋವೆಲ್ ಅವನ ಕಡೆ ತಿರುಗಿ, "ಹೌದು. ನೀನೂ ಮಾರು, ಎವೆಲಿಯೊ," ಎಂದ.

ಎವೆಲಿಯೊ ಮಾರಿದ. ಅವನ ಹಿಂದೆ ಡೆಲ್ಮರ್ ದಪ್ಪ ಬೆರಳುಗಳಲ್ಲಿ ಒತ್ತಿ ಒತ್ತಿ, ಎರಡು ಸಲ ತಪ್ಪಿ, ಮೂರನೆಯ ಸಲ ಮಾರಿದ. ಫೋನನ್ನು ಮೇಜಿನ ಮೇಲೆ ಬಿಸಾಕಿ ನನ್ನ ಗಂಡನಿಗೆ ಹೇಳಿದ: "ಇಷ್ಟು ವರ್ಷ ನಿನ್ನನ್ನ ದೇವರು ಅಂತ ನಂಬಿದ್ದೆನಲ್ಲೋ. ಬೂಟು ಕೊಳ್ಳೋಕೆ ಬರ್ದೋನ ಕೈಲಿ ನನ್ನ ಮುದಿತನ ಕೊಟ್ಟಿದ್ದೆ." ಬ್ರೆಡ್ಡನ್ನು ಅಲ್ಲೇ ಬಿಟ್ಟು ಎದ್ದುಹೋದ.

ಸಂಜೆ ಕಾರು ನಿಲ್ಲಿಸುವ ಜಾಗದಲ್ಲಿ ಲೋವೆಲ್ ಎವೆಲಿಯೊನನ್ನು ಹಿಡಿದು, ಕಾರಣ ಕೇಳಬೇಡ, ನಾಳೆಯೇ ಅದನ್ನು ವಾಪಸ್ ಕೊಂಡುಕೋ ಎಂದ. ಎವೆಲಿಯೊ ಅವನನ್ನು ಮೇಲಿಂದ ಕೆಳಗೆ ನೋಡಿದ. "ಮಧ್ಯಾಹ್ನ ಮಾರು ಅಂತೀರಿ, ಈಗ ಕೊಂಡ್ಕೋ ಅಂತೀರಿ. ನಿಮಗೆ ಹುಷಾರಿಲ್ಲ ಅನ್ಸುತ್ತೆ, ಮನೆಗೆ ಹೋಗಿ ಮಲಕ್ಕೊಳ್ಳಿ" ಎಂದು ಹೊರಟುಹೋದ. ಆ ಮೂರು ಮಕ್ಕಳ ತಂದೆಯ ನಷ್ಟ ಲೋವೆಲ್‌ನನ್ನು ನಮ್ಮ ನಷ್ಟಕ್ಕಿಂತ ಹೆಚ್ಚು ಸುಟ್ಟಿತು. ಈಗಲೂ ಸುಡುತ್ತದೆ.

ಫಂಡಿನಿಂದ ಹೊರಬಂದ ದುಡ್ಡು ಎರಡು ದಿನದಲ್ಲಿ ಡೆಲ್ಮರ್‌ನ ಖಾತೆಗೆ ಬಿತ್ತು. ಇನ್ನು ಕಾಯುವುದಕ್ಕೆ ಅವನಿಗೆ ನೆಪವಿರಲಿಲ್ಲ. "ಹೇಗೂ ಹೋಯ್ತಲ್ಲ, ಆ ಡಾಕ್ಟರ್‌ಗಾದ್ರೂ ಸಿಗ್ಲಿ" ಎಂದು ಗೊಣಗಿಕೊಂಡೇ ಆಸ್ಪತ್ರೆಗೆ ಹೋದ. ಬೆಳಿಗ್ಗೆ ಒಳಗೆ ಕರೆದುಕೊಂಡು ಹೋದವರು ಮಧ್ಯಾಹ್ನವಾದರೂ ಹೊರಗೆ ಕಳಿಸಲಿಲ್ಲ. ಟ್ವೈಲಾ ಹೊಲಿಗೆ ವಿಭಾಗಕ್ಕೇ ಫೋನ್ ಮಾಡಿದಳು. ಮೂರು ನಾಳ ಮುಚ್ಚಿಹೋಗಿವೆ, ಮುಖ್ಯವಾದದ್ದರಲ್ಲಿ ಕೂದಲೆಳೆಯಷ್ಟು ದಾರಿ ಉಳಿದಿದೆ, ಮನೆಗೆ ಕಳಿಸುವ ಮಾತೇ ಇಲ್ಲ, ದೊಡ್ಡ ಆಸ್ಪತ್ರೆಗೆ ಸಾಗಿಸಿ ನಾಳೆ ಬೆಳಿಗ್ಗೆ ಎದೆ ತೆರೆಯುತ್ತಾರಂತೆ. "ಇಷ್ಟು ದಿನ ಇವರು ಏನು ಕೆಲಸ ಮಾಡ್ತಿದ್ರು ಅಂತ ಕೇಳಿದ್ರು ಡಾಕ್ಟರ್. ಛಾವಣಿ ಮೇಲೆ ಅಂದೆ. ಅವರು ತಲೆ ಅಲ್ಲಾಡಿಸಿ ಒಳಗೆ ಹೋದ್ರು ಕಣೆ," ಎಂದಳು. ನಾನು ಯಂತ್ರ ನಿಲ್ಲಿಸಿ ಅಳತೊಡಗಿದೆ. ಹಿಂದಿನ ದಿನದವರೆಗೆ ಆ ಮನುಷ್ಯನನ್ನು ಶಪಿಸುತ್ತಿದ್ದವಳು ನಾನೇ.

ಎದೆ ತೆರೆದರು, ಹೊಲಿದರು. ಡೆಲ್ಮರ್ ಉಳಿದ.

ಅವನು ಚೇತರಿಸಿಕೊಳ್ಳುತ್ತಿದ್ದಾಗ ಲೋವೆಲ್ ನೋಡಲು ಹೋದರೆ, ಮಂಚದಿಂದಲೇ ಪ್ರತಿ ಸಲ ಮೊದಲು ಕೇಳುತ್ತಿದ್ದ ಮಾತು, "ವಾಪಸ್ ಕೊಂಡ್ಯಾ?" ಇಲ್ಲ ಎಂದರೆ "ಫೋನ್ ಕೊಡು" ಎಂದು ಕೈ ಚಾಚುತ್ತಿದ್ದ. ಕೊಂಡಿದ್ದು ಗೊತ್ತಾದರೆ ಅವನಿಗೆ ಎಲ್ಲ ಹೊಳೆಯುತ್ತಿತ್ತು. ಹೊಲಿಗೆ ಒಣಗದ ಎದೆಯಲ್ಲಿ ಅವನು ಅದನ್ನು ಹೇಗೆ ತೆಗೆದುಕೊಳ್ಳುತ್ತಾನೋ ಎಂದು ಲೋವೆಲ್ ಕೊಳ್ಳದೆ ಕೂತ. ನಮ್ಮ ಕಣ್ಣೆದುರೇ ಫಂಡ್ ಎದ್ದಿತು. ಮೊದಲು ಮೆಲ್ಲಗೆ, ಆಮೇಲೆ ನೆಗೆದುಕೊಂಡು. ಹಿಮ ಕರಗುವ ಹೊತ್ತಿಗೆ ಬಿದ್ದದ್ದನ್ನೆಲ್ಲ ತುಂಬಿಕೊಂಡು ಇನ್ನೂ ಮೇಲೆ ಹೋಗಿತ್ತು. ಕೆಲಸ ಬಿಡುವ ನಮ್ಮ ಯೋಚನೆ ಎರಡು ಮೂರು ವರ್ಷ ಮುಂದಕ್ಕೆ ಹೋಯಿತು. ನಾನು ದಿನಾ ಬೆರಳಿಗೆ ಮುಲಾಮು ಹಚ್ಚಿಕೊಂಡು ಯಂತ್ರದ ಮುಂದೆ ಕೂರುತ್ತಿದ್ದೆ.

ವಸಂತದಲ್ಲಿ ಡೆಲ್ಮರ್ ಕೆಲಸಕ್ಕೆ ವಾಪಸಾದ. ಏಣಿ ಹತ್ತುವ ಕೆಲಸ ಬಿಡಿಸಿ ಉಗ್ರಾಣದಲ್ಲಿ ಕೂರಿಸಿದ್ದರು. ಅವನು ಬಂದದ್ದಕ್ಕೆ ಊಟದ ಕೋಣೆಯಲ್ಲಿ ಎಲ್ಲರೂ ಮನೆಯಿಂದ ಒಂದೊಂದು ಅಡುಗೆ ತಂದಿದ್ದರು. ನಾನು ನಮ್ಮ ಕಡೆಯ ಸಿಹಿ, ಸಕ್ಕರೆ ಕೆನೆ ತುಂಬಿದ ಪೈ ಮಾಡಿದ್ದೆ. ಹೊಸದಾಗಿ ಸೇರಿದ ಇಬ್ಬರು ಲೋವೆಲ್‌ನ ಬಳಿ ಬಂದು, ಪಟ್ಟಿಯಲ್ಲಿ ಯಾವ ಫಂಡ್ ಒಳ್ಳೆಯದು ಎಂದು ಕೇಳಿದರು. ಡೆಲ್ಮರ್ ಅಲ್ಲಿಂದಲೇ ಕೂಗಿದ:

"ಅವನನ್ನ ಕೇಳಬೇಡ್ರಪ್ಪಾ. ಅವನು ಮಾರು ಅಂದ ಮಾರನೇ ದಿನದಿಂದ ಅದು ಕುದುರೆ ಥರ ಓಡ್ತಿದೆ. ನಾನು ಅನಸ್ತೇಶಿಯಾ ಇಲ್ಲದೆ ಕುಯ್ಸಿಕೊಂಡಿದ್ದು ಅಂದ್ರೆ ಇವನ ಕೈಲೇ."

ಕೋಣೆಯೆಲ್ಲ ನಕ್ಕಿತು. ಎವೆಲಿಯೊ ನಗಲಿಲ್ಲ, ತಟ್ಟೆ ನೋಡಿಕೊಂಡು ಕೂತ. ಲೋವೆಲ್ ಪೈ ತಿನ್ನುತ್ತಲೇ ಇದ್ದ. ನನಗೆ ನೆತ್ತಿಗೇರಿತು. ಚಮಚ ಕೆಳಗಿಟ್ಟು ಏಳುವುದರಲ್ಲಿದ್ದೆ, ಅವನು ಮೇಜಿನ ಕೆಳಗೆ ನನ್ನ ಮಣಿಕಟ್ಟು ಹಿಡಿದುಕೊಂಡ. ಬಿಡಿಸಿಕೊಳ್ಳಲು ಆಗಲಿಲ್ಲ.

ಕೆಲಸ ಬಿಟ್ಟ ಮೇಲೆ ಟ್ರಕ್ಕಿನಲ್ಲಿ ಕೂತು ನಾನು ಹೇಳಿದೆ: "ಇವತ್ತು ಹೇಳ್ತೀನಿ ಅವನಿಗೆ. ನಿನ್ನ ಮಾನ, ನಮ್ಮ ದುಡ್ಡು, ನನ್ನ ಬೆರಳು. ಎಲ್ಲ ತೆಗೊಂಡು ನಮ್ಮನ್ನೇ ಆಡ್ಕೊಳ್ತಾನೆ. ಹೇಳೇ ಹೇಳ್ತೀನಿ."

ಲೋವೆಲ್ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಡೆಲ್ಮರ್ ಬಂದು ಅವನ ಕಡೆಯ ಕಿಟಕಿ ತಟ್ಟಿದ. ಲೋವೆಲ್ ಗಾಜು ಇಳಿಸಿದ.

"ಏನಿಲ್ಲ," ಎಂದ ಡೆಲ್ಮರ್. "ಡಾಕ್ಟರ್ ಇನ್ನೊಂದು ಮಾತ್ರೆ ಸೇರಿಸಿದಾರೆ. ದುಬಾರಿ. ಅದು ಬೇಕಾ ಬೇಡ್ವಾ ಅಂತ ನಿನ್ನ ಕೇಳೋಣ ಅಂತ ಬರ್ತಾ ಇದ್ದೆ. ಅರ್ಧ ದಾರಿಲಿ ನನಗೇ ನಗು ಬಂತು. ನಿನ್ನ ಕೇಳಿ ಒಂದ್ಸಲ ಕೆಟ್ಟಿದ್ದು ಸಾಲದಾ? ಡಾಕ್ಟರ್ ಹೇಳಿದ್ದನ್ನೇ ನುಂಗ್ತೀನಿ. ನೋರೀನ್, ಪೈ ಚೆನ್ನಾಗಿತ್ತು."

ಅವನು ಹೋದ. ನಾನು ಬಾಗಿಲ ಹಿಡಿಗೆ ಕೈ ಹಾಕಿದೆ.

"ಹೇಳಿದ್ರೆ ಮತ್ತೆ ನನ್ನನ್ನ ನಂಬ್ತಾನೆ, ನೋರೀನ್," ಎಂದ ಲೋವೆಲ್. "ನಾಳೆಯಿಂದ ಪ್ರತಿ ಮಾತ್ರೆಗೂ ನನ್ನ ಹತ್ರ ಬರ್ತಾನೆ."

ಡೆಲ್ಮರ್ ಕಾರು ಹತ್ತಿ, ಹಿಂದಕ್ಕೆ ತೆಗೆದು, ಹೊರಡುವವರೆಗೆ ನಾನು ಆ ಹಿಡಿಯನ್ನು ಹಿಡಿದುಕೊಂಡೇ ಇದ್ದೆ. ಆಮೇಲೆ ಬಿಟ್ಟೆ.